ಟ್ಯಾಬ್ ಬರೀ ‘ದ’ ಅಂದ ದಿನ

ಕಳೆದ ಪುನರ್ವಸು ಮಳೆಯಲ್ಲಿ ನಡೆದದ್ದು. ಹೊಸನಗರದಿಂದ ನಗರ (ಬಿದನೂರು) ಕಡೆ ಹೋಗುವಾಗ ಗುಡ್ಡದ ಮೇಲೊಂದು ಒಂಟಿ ಮನೆ. ನನ್ನ ಗೃಹಾಧಾರಿತ ಪಟ್ಟಿಯ (ಶಾಲೆಗೆ ಬರಲಾಗದೆ ಮನೆಯಲ್ಲೇ ಕಲಿಯುವ ಮಕ್ಕಳ) ಹುಡುಗ; 8 ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಸಿಗದ ಸ್ಥಿತಿ), ಮಾತಿಲ್ಲ. ಬಿಐಇಆರ್‌ಟಿ (ವಿಶೇಷ ಅಗತ್ಯವಿರುವ ಮಕ್ಕಳಿಗೆ ಕಲಿಸುವ ಶಿಕ್ಷಕ) ಆಗಿ ಇಷ್ಟು ವರ್ಷ ತಿರುಗಿದವನು, ನನಗೆ ಗೊತ್ತಿಲ್ಲದ್ದೇನಿದೆ ಅನ್ನೋ ಧಿಮಾಕು ಬೇರೆ.

ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿ ಅಕ್ಷರ ಕಲಿಸುವ ಕ್ರಮದಂತೆ ಟ್ಯಾಬಲ್ಲಿ ರ, ಗ, ಸ, ದ ಹಾಕಿದ್ದೆ. ಮೇಲೆರಡು, ಕೆಳಗೆರಡು, ಮುಟ್ಟಿದ್ದನ್ನು ಅದು ಓದುತ್ತದೆ. ಕೈ ನಡುಗಿ ಬೇಡದ್ದು ಒತ್ತಿಹೋಗಬಾರದು ಅಂತ, ಒಂದು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ಲೆಕ್ಕಕ್ಕೆ ಬರುವ ಹಾಗೆ ಸೆಟ್ಟಿಂಗ್ ಬದಲಿಸಿದ್ದೆ. ಮೀಟಿಂಗಲ್ಲಿ ಇದನ್ನೇ ಹೇಳಿ ಶಭಾಷ್ ಅನ್ನಿಸಿಕೊಂಡದ್ದೂ ಆಗಿತ್ತು.

ಅವತ್ತು ಮೇಲಧಿಕಾರಿಯೊಬ್ಬರು ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಕಿತ್ತುಕೊಳ್ಳುತ್ತಲೇ ಜಗಲಿ ಹತ್ತಿದರು. “ರ ಎಲ್ಲಿದೆ ಮರಿ?”

“ದ” ಅಂತು ಟ್ಯಾಬ್.

“ಗ?” “ದ.” “ಸ?” “ದ.”

ಹೆಂಚಿನ ಮೇಲೆ ಮಳೆ ಸುರೀತಿತ್ತು, ನನಗೆ ಆ ‘ದ’ ಒಂದೇ ಕೇಳ್ತಿತ್ತು. ಹುಡುಗ ಬೆವರಿ, ಜೊಲ್ಲು ಸುರಿಸಿಕೊಂಡು, ಮತ್ತೆ ಕೈ ಚಾಚಿದ. ನಾನು ಮಾಡಿದ್ದೇನು ಗೊತ್ತಾ? ಅವನ ಮಣಿಕಟ್ಟು ಹಿಡಿದು ‘ರ’ ಮೇಲೆ ಊರಿಸಿದೆ. ಟ್ಯಾಬ್ “ರ” ಅಂತು. ಅವನು ನನ್ನ ಮುಖ ನೋಡಿದ. ಸಾಹೇಬರು ಜಿಪಿಎಸ್ ಫೋಟೊ ತೆಗೆದುಕೊಂಡು ಹೊರಟರು. ಐಇಪಿಯಲ್ಲಿ (ಅವನೊಬ್ಬನಿಗಾಗಿಯೇ ಮಾಡುವ ಕಲಿಕಾ ಯೋಜನೆ) ‘ಅಕ್ಷರ ಗುರುತಿಸುವುದಿಲ್ಲ’ ಅಂತ ಬರೆದದ್ದು ನಾನೇ.

ಅಜ್ಜಿ ಕಾಫಿ ಇಟ್ಟು ಹೇಳಿದರು, “ಅವ್ನ ಅಂಗೈ ಮೊದ್ಲು ಕೆಳಗೆ ಊರ್ತದೆ ಮೇಷ್ಟ್ರೇ. ಊಟದ ತಟ್ಟೆಲೂ ಹಂಗೇ. ನೀವು ಕೈ ನೋಡ್ತೀರಿ, ಕಣ್ಣು ನೋಡಿ.”

ನೋಡಿದೆ. “ರ” ಅಂದರೆ ಕಣ್ಣು ನೇರ ರ ಮೇಲೆ. ಬೆರಳೂ ಅಲ್ಲಿಗೇ ಹೋಗಿ, ತಾಗಿ, ಜಾರುತ್ತಿತ್ತು. ಅಂಗೈ ಬುಡ ಮಾತ್ರ ‘ದ’ ಮೇಲೆ ಗಟ್ಟಿಯಾಗಿ ಕೂತಿರುತ್ತಿತ್ತು. ನನ್ನ ಒಂದು ಸೆಕೆಂಡಿನ ಜಾಣತನ ಸರಿಯಾದ ಬೆರಳನ್ನು ಬಿಟ್ಟು ಅಂಗೈಯನ್ನೇ ಎಣಿಸುತ್ತಿತ್ತು!

ಇದಕ್ಕೆ ಕಿಂಡಿ ಇರುವ ಕೀಗಾರ್ಡ್ ಅಂತ ಸಿಗ್ತದೆ, ಅಂಗೈ ಅದರ ಮೇಲೆ ಊರಿದರೂ ಸ್ಕ್ರೀನ್‌ಗೆ ತಾಗುವುದಿಲ್ಲ. ಅದು ಬೇಕು ಅಂತ ಆಫೀಸಿಗೆ ಇಂಡೆಂಟ್ ಹಾಕಿದರೆ, ಯಾವ ಹೆಡ್ಡು, ಅಂದರೆ ದುಡ್ಡು ಯಾವ ಲೆಕ್ಕದಿಂದ ಅಂತ ಕೇಳಿದರು. ಕೊನೆಗೆ ಹುಡುಗನ ಅಪ್ಪ ಅಡಿಕೆ ಹಾಳೆ ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿ, ಒಣಗಿಸಿ ನಾಲ್ಕು ಕಿಂಡಿ ಕೊಯ್ದುಕೊಟ್ಟರು. ಸೆಟ್ಟಿಂಗನ್ನೂ ಮೊದಲಿನಂತೆ ಮಾಡಿದೆ. ಥಂಡಿಗೆ ಹಾಳೆ ವಾರಕ್ಕೊಮ್ಮೆ ಮುರುಟುತ್ತದೆ, ಅದು ಬೇರೆ ರಗಳೆ.

ಮುಂದಿನ ಭೇಟಿಯಲ್ಲಿ ರ, ಗ, ಸ ಮೂರೂ ಸರಿಯಾಗಿ ಒತ್ತಿದ. “ದ” ಅಂದೆ, ಅದನ್ನೂ ಒತ್ತಿದ. ಅದೊಂದನ್ನು ಮಾತ್ರ ನಂಬದೆ ಇನ್ನೆರಡು ಸಲ ಕೇಳಿದೆ. ಮೂರನೇ ಸಲಕ್ಕೆ ಅವನು ಟ್ಯಾಬನ್ನೇ ನನ್ನ ಕಡೆ ತಳ್ಳಿದ.