ಬೆನ್ನಿನ ನೋಟ್‌ಬುಕ್: 14ನೇ ವಾರ

ಹೋದ ಸಲ ಬರೆದಿದ್ದು 9ನೇ ವಾರದಲ್ಲಿ. ಆಮೇಲೆ ಮದುವೆ ಸೀಸನ್ ಶುರುವಾಯ್ತು, ಬ್ಲೌಸ್‌ಗಳ ರಾಶಿ ಬಿತ್ತು, ಇಲ್ಲಿ ಬರೆಯೋಕೆ ಆಗಲಿಲ್ಲ. ಸೊಂಟ ನೋವಿನ ನೋಟ್‌ಬುಕ್ ಮಾತ್ರ ಒಂದು ದಿನವೂ ಬಿಟ್ಟಿಲ್ಲ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ನೋವಿಗೆ 10ಕ್ಕೆ ಎಷ್ಟು ಅಂತ ಒಂದು ಅಂಕ, ಪಕ್ಕದಲ್ಲಿ ಆವತ್ತು ಏನು ಮಾಡಿದೆ ಅಂತ ಒಂದು ಸಾಲು. ಇಷ್ಟೇ.

ಹೊಸದಾಗಿ ಓದುವವರಿಗೆ: ನಾನು ಮೈಸೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ವಯಸ್ಸು 47. ಸೊಂಟ ನೋವು ಶುರುವಾಗಿ ಮೂರು ವರ್ಷ. ಎಮ್‌ಆರ್‌ಐ ರಿಪೋರ್ಟ್‌ನಲ್ಲಿ ಎಲ್‌4-ಎಲ್‌5 ಡಿಸ್ಕ್ (ಸೊಂಟದ ಕೊನೆಯ ಎರಡು ಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ ಅಂತ ಇತ್ತು. ಆ ಒಂದು ಸಾಲಿಗೆ ಎರಡು ವರ್ಷ ಹೆದರಿಕೊಂಡೇ ಇದ್ದೆ. ನೀರಿನ ಕ್ಯಾನ್ ಮುಟ್ಟಲಿಲ್ಲ, ತಂಗಿಯ ಮಗುವನ್ನು ಎತ್ತಿಕೊಳ್ಳಲಿಲ್ಲ, ಹೊರಗೆ ಹೋದರೆ ಬೆಲ್ಟ್ ಬೇಕೇ ಬೇಕು. ನೋವು ಇದ್ದ ಹಾಗೇ ಇತ್ತು.

ಫಿಸಿಯೋಥೆರಪಿ ಮೇಡಂ ಮೊದಲು ಕೇಳಿದ್ದು ಬೇರೆಯೇ. ಕಾಲಿನಲ್ಲಿ ಶಕ್ತಿ ಕಡಿಮೆ ಆಗಿದೆಯಾ, ಕೂರುವ ಜಾಗ ಮರಗಟ್ಟುತ್ತಾ, ಮೂತ್ರದ ಹಿಡಿತ ತಪ್ಪಿದೆಯಾ, ಜ್ವರ ಬರುತ್ತಾ, ಸುಮ್ನೆ ತೂಕ ಇಳಿದಿದೆಯಾ. ಇದರಲ್ಲಿ ಒಂದಿದ್ದರೂ ನೋಟ್‌ಬುಕ್ ಪಕ್ಕಕ್ಕಿಟ್ಟು ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ನನಗೆ ಯಾವುದೂ ಇರಲಿಲ್ಲ. ಆಮೇಲೆ ಅವರು ಇನ್ನೊಂದು ವಿಷಯ ಹೇಳಿದರು. ನೋವೇ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2015ರಲ್ಲಿ ಲೆಕ್ಕ ಹಾಕಿದಾಗ, 50 ವರ್ಷದವರಲ್ಲಿ ಶೇ. 60ರಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತಂತೆ. ಇದನ್ನು ನನಗೆ ಮೂರು ವರ್ಷದ ಹಿಂದೆಯೇ ಯಾರಾದರೂ ಹೇಳಬೇಕಿತ್ತು.

ಈಗ ಮುಖ್ಯ ವಿಷಯ. ಮೊದಲ ನಾಲ್ಕು ವಾರದ ಪುಟಗಳಲ್ಲಿ ಬೆಳಗ್ಗೆಯ ಅಂಕ ಯಾವಾಗಲೂ 6 ಇಲ್ಲ 7. 5ನೇ ವಾರ ಬೆಂಗಳೂರಿಗೆ ತಂಗಿ ಮನೆಗೆ ಹೋಗಿ ನಾಲ್ಕು ದಿನ ಇದ್ದೆ, ಅಲ್ಲಿ 3, 2, 2, 2. ಹಾಸಿಗೆ ಚೆನ್ನಾಗಿತ್ತು ಅಂದುಕೊಂಡು ಊರಿಗೆ ಬಂದವಳೇ ಹೊಸ ಹಾಸಿಗೆ ವಿಚಾರಿಸಿದೆ. ಬಂದ ಮಾರನೇ ದಿನ ಮತ್ತೆ 6. ಪಕ್ಕದ ಸಾಲು ನೋಡಿದೆ: "5.30ಕ್ಕೆ ಎದ್ದು ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ." ತಂಗಿಯದು ಫ್ಲ್ಯಾಟ್, ಅಂಗಳವೇ ಇಲ್ಲ!

ಮೇಡಂಗೆ ತೋರಿಸಿದೆ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವಂತೆ, ಅದಕ್ಕೇ ಬೆಳಗ್ಗೆ ನಾವು ಒಂದಿಷ್ಟು ಉದ್ದವೂ ಇರುತ್ತೇವೆ. ಎದ್ದ ತಕ್ಷಣ ಬಗ್ಗಿದರೆ ಒತ್ತಡ ಜಾಸ್ತಿ. 1998ರಲ್ಲಿ ಸ್ನೂಕ್ ಅನ್ನುವ ಸಂಶೋಧಕರು, ತುಂಬಾ ದಿನದಿಂದ ಸೊಂಟ ನೋವಿದ್ದವರಿಗೆ ಬೆಳಗ್ಗೆ ಬೇಗ ಬಗ್ಗುವುದನ್ನು ಕಡಿಮೆ ಮಾಡಿಸಿ ನೋಡಿದ್ದರು, ನೋವು ಇಳಿದಿತ್ತು.

ಅತ್ತೆಗೆ ಹೇಳುವುದೇ ಕಷ್ಟ ಅನಿಸಿತ್ತು. ಸೂರ್ಯ ಹುಟ್ಟುವ ಮೊದಲು ರಂಗೋಲಿ ಆಗಬೇಕು ಅನ್ನುವವರು ಅವರು. ನೋಟ್‌ಬುಕ್ ತೆಗೆದು ಆ 2, 2, 2 ತೋರಿಸಿದೆ. ಕನ್ನಡಕ ಹಾಕಿಕೊಂಡು ಪುಟ ತಿರುವಿ ತಿರುವಿ ನೋಡಿದರು. "ಇಷ್ಟು ನೋವು ಇಟ್ಕೊಂಡು ದಿನಾ ಬಗ್ಗುತ್ತಿದ್ದೆಯೇನೇ? ಹೋಗು, ಮೊದಲು ನಡೆದುಕೊಂಡು ಬಾ" ಅಂದರು. ಈಗ ಎದ್ದವಳು ಕುಕ್ಕರಹಳ್ಳಿ ಕೆರೆ ಹತ್ತಿರ ಅರ್ಧ ಗಂಟೆ ನಡೆದು ಬಂದು, ಕಾಫಿ ಕುಡಿದು, ಏಳೂವರೆ ಮೇಲೆ ಉದ್ದ ಹಿಡಿಯ ಪೊರಕೆಯಲ್ಲಿ ಗುಡಿಸಿ ರಂಗೋಲಿ ಹಾಕುತ್ತೇನೆ. 8ನೇ ವಾರದಿಂದ ಬೆಳಗ್ಗೆಯ ಅಂಕ 3 ದಾಟಿಲ್ಲ.

ನಡಿಗೆಯನ್ನು ಮಾತ್ರ ಯಾರೂ ಬಿಡಬೇಡಿ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವು ವಾಸಿಯಾಗಿದ್ದ 701 ಜನರ ಮೇಲೆ ಮಾಡಿದ ಪ್ರಯೋಗ 2024ರಲ್ಲಿ ಪ್ರಕಟವಾಯ್ತು. ನೋವು ಮರಳಿ ಬರೋಕೆ, ನಡೆಯುವವರಿಗೆ ಸುಮಾರು 208 ದಿನ ಹಿಡಿದಿತ್ತು, ಉಳಿದವರಿಗೆ 112.

ಮಧ್ಯಾಹ್ನದ ನೋವಿಗೆ ಕಾರಣ ಮಿಷನ್. ಸೂಜಿ ಕಡೆ ಬಾಗಿ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಅಲಾರಂ ಇಟ್ಟೆ, ಕೈ ತಾನಾಗಿ ಆಫ್ ಮಾಡುತ್ತಿತ್ತು. ಈಗ ಬಾಬಿನ್‌ನಲ್ಲಿ ದಾರ ಮುಗಿದಾಗಲೆಲ್ಲ ಏಳಲೇಬೇಕು ಅಂತ ಮಾಡಿಕೊಂಡಿದ್ದೇನೆ. ದಾರದ ಡಬ್ಬಿಯನ್ನೇ ಅಡುಗೆಮನೆ ಶೆಲ್ಫಿಗೆ ಸಾಗಿಸಿದೆ. ಎದ್ದು ಹೋಗಿ, ಸೊಂಟಕ್ಕೆ ಕೈಕೊಟ್ಟು ಐದು ಸಲ ಹಿಂದಕ್ಕೆ ಬಾಗಿ, ಒಂದು ಲೋಟ ನೀರು ಕುಡಿದು ಬರೋದು. ಇದು ನಿಜವಾಗಲೂ ಕೆಲಸ ಮಾಡ್ತಿದೆ.

ವ್ಯಾಯಾಮ ಮೂರೇ, ಕೆನಡಾದ ಬೆನ್ನುಮೂಳೆ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಹೇಳಿದವು. ನನಗೆ ಹೆಚ್ಚು ಉಪಯೋಗ ಆಗಿದ್ದು ಮಂಡಿ, ಅಂಗೈ ಊರಿ ಬಲಗೈ ಮತ್ತು ಎಡಗಾಲು ಒಟ್ಟಿಗೆ ಚಾಚುವುದು. ಶುರುವಿನಲ್ಲಿ 5 ಸೆಕೆಂಡಿಗೇ ನಡುಗುತ್ತಿದ್ದೆ, ಈಗ 10 ಸೆಕೆಂಡ್ ನಿಲ್ಲುತ್ತೆ. 3ನೇ ವಾರ ಹುಮ್ಮಸ್ಸಿನಲ್ಲಿ ಎಲ್ಲ ಡಬಲ್ ಮಾಡಿ ಐದು ದಿನ ನರಳಿದ್ದೆ, ನೀವು ಹಾಗೆ ಮಾಡಬೇಡಿ.

ಕ್ಯಾನ್ ವಿಷಯ: ಕಾಲು ಭಾಗ ನೀರಿನಿಂದ ಶುರು ಮಾಡಿ ವಾರ ವಾರ ಹೆಚ್ಚಿಸಿದೆ. 13ನೇ ವಾರ, ಗುರುವಾರ ಸಂಜೆ, ಕ್ಯಾನನ್ನು ಮೈಗೆ ಒತ್ತಿ ಹಿಡಿದು ತೊಡೆಯ ಬಲದಲ್ಲಿ ಎದ್ದೆ. ತುಂಬಿದ 20 ಲೀಟರ್. ಮಾರನೇ ದಿನದ ಅಂಕ 2. ಆ ಪುಟ ನೋಡಿದಾಗ ಕಣ್ಣು ತುಂಬಿ ಬಂತು.

ಆರ್ಡರ್ ಜಾಸ್ತಿ ಇದ್ದ ದಿನ ರಾತ್ರಿ ಈಗಲೂ 4 ಬರುತ್ತೆ. ಮುಂದಿನ ತಿಂಗಳು ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗೋದಿದೆ, ಇಷ್ಟು ಹೊತ್ತು ಕೂತು ಹೋಗಿ ಮೂರು ವರ್ಷ ಆಯ್ತು. ಬಸ್ ನಿಂತಲ್ಲೆಲ್ಲ ಇಳಿದು ನಡೆಯೋದು ಅಂತ ಇದ್ದೇನೆ. ಹೋಗಿ ಬಂದ ಮೇಲೆ ಅಂಕ ಹಾಕುತ್ತೇನೆ.