ಕ್ಲಾಸ್‌ರೂಂ ಎಣಿಕೆ ಪ್ರಾಜೆಕ್ಟ್: ಈ ಸೆಮಿಸ್ಟರ್ ಎಲ್ಲಿಗೆ ಬಂತು

ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ರೂಮು ಸಾಲದು ಅನ್ನುವುದು ಪ್ರತಿ ವರ್ಷದ ಗೋಳು. ಟೈಮ್‌ಟೇಬಲ್ ನೋಡಿದರೆ ಎಲ್ಲವೂ ಭರ್ತಿ. ಕಾರಿಡಾರ್‌ನಲ್ಲಿ ಒಂದು ಸುತ್ತು ಹಾಕಿದರೆ ಎಷ್ಟೋ ರೂಮುಗಳಲ್ಲಿ ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ.

ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೊಂದು ಸುಲಭದ ಲೆಕ್ಕ ಇದೆ. ಅದನ್ನೇ ಇಟ್ಟುಕೊಂಡೆವು. ರೂಮು ಎಷ್ಟು ಹೊತ್ತು ಬಳಕೆಯಲ್ಲಿತ್ತು, ಆಗ ಎಷ್ಟು ಸೀಟು ತುಂಬಿತ್ತು, ಎರಡನ್ನೂ ಗುಣಿಸಬೇಕು. ವಾರದ 40 ಗಂಟೆಯಲ್ಲಿ 28 ಗಂಟೆ ಕ್ಲಾಸ್ ನಡೆದರೆ ಶೇ. 70. ಆ ಹೊತ್ತಿನಲ್ಲಿ ಅರ್ಧ ಸೀಟು ಖಾಲಿ ಇದ್ದರೆ ನಿಜವಾದ ಬಳಕೆ ಬರೀ ಶೇ. 35. ಟೈಮ್‌ಟೇಬಲ್‌ಗೆ ಸೀಟಿನ ಲೆಕ್ಕ ಗೊತ್ತೇ ಇಲ್ಲ. ನಮ್ಮ ಕೆಲಸ ಶುರುವಾಗುವುದು ಅಲ್ಲಿಂದ: ಯಾವ ರೂಮಿನಲ್ಲಿ ಯಾವಾಗ ಎಷ್ಟು ಜನ ಇದ್ದಾರೆ ಅಂತ ಸೆನ್ಸರ್ ಇಟ್ಟು ಎಣಿಸುವುದು.

ಮೈಯ ಶಾಖದಿಂದ ಜನರನ್ನು ಗುರುತಿಸುವ ಪಿಐಆರ್ ಸೆನ್ಸರ್ ಅಗ್ಗ, ಆದರೆ ಅದಕ್ಕೆ ಕಾಣುವುದು ಅಲುಗಾಟ ಮಾತ್ರ. ಇಂಟರ್ನಲ್ಸ್ ಬರೆಯುತ್ತಾ ತಲೆ ತಗ್ಗಿಸಿ ಕೂತ ಕ್ಲಾಸು ಅದರ ಪಾಲಿಗೆ ಖಾಲಿ ರೂಮು. ಇದ್ದಾರೋ ಇಲ್ಲವೋ ಅಂತ ತಿಳಿಯಲು ಎಲ್‌ಡಿ2410 ಅನ್ನುವ 24 ಗಿಗಾಹರ್ಟ್ಸ್ ರಾಡಾರ್ ಹಾಕಿದೆವು. ಉಸಿರಾಡುವಾಗ ಎದೆ ಏರಿಳಿಯುವುದೂ ಅದಕ್ಕೆ ಸಿಗುತ್ತದೆ. ತಲೆನೋವು ಅಂದರೆ ಫ್ಯಾನ್. ರೆಕ್ಕೆ ತಿರುಗಿದರೂ ಅದು "ಜನ ಇದ್ದಾರೆ" ಅನ್ನುತ್ತದೆ. ಪುಣ್ಯಕ್ಕೆ ಈ ರಾಡಾರ್ ದೂರವನ್ನು 0.75 ಮೀಟರ್‌ನ ತುಂಡುಗಳಾಗಿ ನೋಡುತ್ತದೆ, ಒಂದೊಂದು ತುಂಡಿನ ಸೂಕ್ಷ್ಮತೆಯನ್ನೂ ಬೇರೆ ಬೇರೆ ಇಡಬಹುದು. ಫ್ಯಾನ್ ಇರುವ ತುಂಡನ್ನು ಮಂದ ಮಾಡಿದೆವು. ಪ್ಲೈವುಡ್ ಪಾರ್ಟಿಷನ್ ಇರುವ ಕಡೆ ಪಕ್ಕದ ರೂಮಿನವರೂ ಕಾಣುತ್ತಾರೆ. ಅಲ್ಲಿ ಅದನ್ನು ಎದುರು ಗೋಡೆಗೆ ಸಾಗಿಸಬೇಕಾಯಿತು.

ಎಣಿಸುವ ಕೆಲಸ ಬಾಗಿಲಿನ ಚೌಕಟ್ಟಿನ ಮೇಲಿದೆ. ವಿಎಲ್53ಎಲ್1ಎಕ್ಸ್ ಅನ್ನುವ ಪುಟ್ಟ ಲೇಸರ್ ಸೆನ್ಸರ್ ಕೆಳಮುಖವಾಗಿ ದೂರ ಅಳೆಯುತ್ತದೆ. ಅದರೊಳಗೆ 16×16 ಬೆಳಕಿನ ಕಣ್ಣುಗಳಿವೆ. ಅದನ್ನು ಎರಡು ಪಾಲು ಮಾಡಿ ಒಂದಾದ ಮೇಲೊಂದು ಓದುತ್ತೇವೆ. ಹೊರಗಿನ ಪಾಲು ಮೊದಲು ಮುಚ್ಚಿದರೆ ಒಬ್ಬರು ಒಳಗೆ, ಒಳಗಿನದು ಮೊದಲಾದರೆ ಒಬ್ಬರು ಹೊರಗೆ. ಸೆನ್ಸರ್‌ಗೆ ಜೋಡಿಸಿದ ಇಎಸ್‌ಪಿ32 ಅನ್ನುವ ಪುಟ್ಟ ವೈಫೈ ಬೋರ್ಡ್ ಈ ಲೆಕ್ಕವನ್ನು ಎಂಕ್ಯೂಟಿಟಿ ಅನ್ನುವ ಸಂದೇಶ ಸಾಗಿಸುವ ವಿಧಾನದ ಮೂಲಕ ಲ್ಯಾಬಿನಲ್ಲಿರುವ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್‌ಗೆ ಕಳಿಸುತ್ತದೆ. ಕರೆಂಟ್ ಹೋಗಿ ಬಂದರೆ ಸೊನ್ನೆಯಿಂದ ಶುರುವಾಗದಿರಲಿ ಅಂತ ಕೊನೆಯ ಸಂದೇಶವನ್ನು ಅದರಲ್ಲಿರುವ ಸರ್ವರ್ ಹಿಡಿದಿಟ್ಟುಕೊಳ್ಳುತ್ತದೆ.

ಬೆಲ್ ಹೊಡೆದ ತಕ್ಷಣ ಹೆಗಲಿಗೆ ಕೈ ಹಾಕಿಕೊಂಡು ಹೊರಡುವ ಜೋಡಿಗಳಿವೆಯಲ್ಲ, ಅವರು ಇದರ ಕಣ್ಣಿಗೆ ಒಬ್ಬರೇ. ಹೀಗೆ ದಿನವಿಡೀ ತಪ್ಪು ಸೇರುತ್ತಾ ಹೋಗುತ್ತದೆ. ರಾಡಾರ್ 10 ನಿಮಿಷ ಯಾರೂ ಇಲ್ಲ ಅಂದರೆ ಎಣಿಕೆಯನ್ನು ಸೊನ್ನೆಗೆ ಎಳೆಯುವ ಹಾಗೆ ಕೋಡ್ ಬರೆದ ಮೇಲೆ ಸಾಕಷ್ಟು ಸರಿಹೋಯಿತು. ನೂರಕ್ಕೆ ನೂರು ನಿಖರ ಅಲ್ಲ. ರೂಮು ಹಂಚುವುದಕ್ಕೆ ಅಷ್ಟು ಬೇಕಾಗಿಯೂ ಇಲ್ಲ.

"ಸರ್, ಇದು ಕ್ಯಾಮೆರಾನಾ?" ಅಂತ ಕೇಳಿದ್ದು ನಮ್ಮ ಅಟೆಂಡರ್. ಸರಿಯಾದ ಪ್ರಶ್ನೆ. 2022ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮೇಜಿನ ಕೆಳಗೆ ಹೇಳದೆ ಕೇಳದೆ ಸೆನ್ಸರ್ ಅಂಟಿಸಿದ್ದರು. ವಿದ್ಯಾರ್ಥಿಗಳೇ ಅವನ್ನು ಕಿತ್ತರು, ಕೊನೆಗೆ ಆಡಳಿತ ಹಿಂದೆ ಸರಿಯಿತು. ಅದಕ್ಕೇ ನಾವು ಮೇಜಿನ ತಂಟೆಗೆ ಹೋಗಿಲ್ಲ. ಹೆಸರಿಲ್ಲ, ಚಿತ್ರ ಇಲ್ಲ, ಒಂದು ಬಾಗಿಲಿಗೆ ಒಂದು ಎಣಿಕೆ ಅಷ್ಟೇ, ಸೆನ್ಸರ್ ಪಕ್ಕದಲ್ಲಿ ಕನ್ನಡದಲ್ಲಿ ಒಂದು ಚೀಟಿ. ಇದನ್ನು ಹಾಜರಾತಿಗೆ ಬಳಸಬಹುದಾ ಅಂತ ಒಬ್ಬ ಲೆಕ್ಚರರ್ ಕೇಳಿದರು. ಆಗಲ್ಲ ಅಂದೆ. ಆಗುವ ಹಾಗಿದ್ದರೂ ಕೊಡುತ್ತಿರಲಿಲ್ಲ.

ಈವರೆಗಿನ ಒಳ್ಳೆಯ ಫಲ ಒಂದು ಅದಲು ಬದಲು. ಒಂದು ಎಲೆಕ್ಟಿವ್ (ಐಚ್ಛಿಕ ವಿಷಯ) ದೊಡ್ಡ ಗ್ಯಾಲರಿ ಹಾಲನ್ನು ಹಿಡಿದುಕೊಂಡಿತ್ತು. ಹೆಸರು ಕೊಟ್ಟವರು ಜಾಸ್ತಿ, ಬರುವವರು ಕಡಿಮೆ. ಅದೇ ಹೊತ್ತಿಗೆ ಡಿಪ್ಲೊಮಾದಿಂದ ನೇರ ಸೇರಿದವರೂ ಕೂಡಿದ ಮೂರನೇ ಸೆಮಿಸ್ಟರ್‌ನ ಸೆಕ್ಷನ್ ಚಿಕ್ಕ ರೂಮಿನಲ್ಲಿ ಒತ್ತಿಕೊಂಡು ಕೂತಿತ್ತು. ಗ್ರಾಫ್ ಮುಂದಿಟ್ಟಾಗ ಟೈಮ್‌ಟೇಬಲ್ ಕಮಿಟಿ ಹೆಚ್ಚು ವಾದ ಮಾಡದೆ ಎರಡನ್ನೂ ಬದಲಿಸಿತು.

ಮುಂದಿನದು ಸೆಮಿನಾರ್ ಹಾಲ್. ಅಗಲದ ಜೋಡಿ ಬಾಗಿಲು, ಒಂದು ಸೆನ್ಸರ್ ಸಾಲದು. ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದರ ಬೆಳಕು ಇನ್ನೊಂದಕ್ಕೆ ತಾಗದ ಹಾಗೆ ಸರದಿಯಲ್ಲಿ ಓದಿಸುವ ಕೋಡ್ ಅರ್ಧ ಆಗಿದೆ.