ಪರವಾಗಿಲ್ಲ ಅನ್ನಬೇಡ

ಬುಧವಾರದಿಂದ ಅಜ್ಜಿಯ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಕೆನ್ ನೊರಾ."

ಜೆರುಸಲೇಮಿನಲ್ಲಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ಮಂಗಳೂರು, ಉಡುಪಿ ಕಡೆಯವರು ಇಲ್ಲಿ ಈ ಕೆಲಸದಲ್ಲಿ ತುಂಬಾ ಜನ ಇದ್ದೇವೆ. 2025ರ ಅಕ್ಟೋಬರ್ 1, ಆ ಬುಧವಾರ, ಊರಲ್ಲಿ ಆಯುಧ ಪೂಜೆ, ಇಲ್ಲಿ ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಉಪವಾಸದ ತಯಾರಿ. ತಮ್ಮ ತನ್ನ ರಿಕ್ಷಾಕ್ಕೆ ಹೂ ಹಾಕಿದ ಫೋಟೋ ಕಳಿಸಿದ್ದ, ನೋಡಲೂ ಪುರುಸೊತ್ತಿರಲಿಲ್ಲ. ಉಪವಾಸ ಸಂಜೆ ಸೂರ್ಯ ಮುಳುಗುವ ಮೊದಲು ಶುರುವಾದರೆ ಮರುದಿನ ಕತ್ತಲಾಗುವ ತನಕ, ಸುಮಾರು 25 ಗಂಟೆ, ನೀರೂ ಇಲ್ಲ. ಅದಕ್ಕೇ ಮೊದಲು ಚೆನ್ನಾಗಿ ಉಣ್ಣಬೇಕು, ಹಾಗೆ ಉಣ್ಣುವುದೂ ಉಪವಾಸದಷ್ಟೇ ಪುಣ್ಯ ಅಂತಾರೆ.

ಬೆಳಿಗ್ಗೆ ಅಜ್ಜಿಯ ಮಗಳು ಬಂದರು. ಕರ್ಚೀಫಿನಲ್ಲಿ ನೋಟು ಕಟ್ಟಿ ಅಜ್ಜಿಯ ತಲೆಗೆ ಮೂರು ಸುತ್ತು ತಂದು, ಇದು ನಿನ್ನ ಬದಲಿಗೆ ಅಂತ ಓದಿದರು. ಅಮ್ಮ ದೃಷ್ಟಿ ತೆಗೆಯುತ್ತಿದ್ದದ್ದು ನೆನಪಾಯಿತು. ಇಲ್ಲಿ ಆ ದುಡ್ಡು ಬಡವರಿಗೆ ಹೋಗುತ್ತದೆ. ಕಟ್ಟಾ ಸಂಪ್ರದಾಯಸ್ಥ ಯಹೂದಿಗಳಿರುವ ಮೆಅ ಶೆಅರೀಮ್ ಕಡೆ ಈಗಲೂ ಜೀವಂತ ಕೋಳಿಯನ್ನೇ ಸುತ್ತಿಸುತ್ತಾರೆ, ಗಂಡಸಿಗೆ ಹುಂಜ, ಹೆಂಗಸಿಗೆ ಹೇಂಟೆ. ಹೋದ ವರ್ಷ ಅಲ್ಲಿ ಬಿಸಿಲಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಕೋಳಿ ಗೂಡು ನೋಡಿದ್ದೆ. ನೋಟೇ ಒಳ್ಳೆಯದು.

ಮಗಳು ಹೋದ ಮೇಲೆ ಅಜ್ಜಿ ನನಗೆ ಎದುರಿನ ಕುರ್ಚಿ ತೋರಿಸಿದರು. "ಪೆಸಾಖ್ ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ಉಂಗುರ ಕಾಣಲಿಲ್ಲ. ನೀನು ತಗೊಂಡೆ ಅಂದೆ. ಮಗಳ ಎದುರೇ ಅಂದೆ. ನಿನ್ನ ಬ್ಯಾಗ್ ಸುರಿಸಿದೆ. ತಿಸ್ಲೆಖಿ ಲಿ." ಹೀಬ್ರೂವಿನಲ್ಲಿ ನನ್ನನ್ನು ಕ್ಷಮಿಸು ಅಂತ.

ಉಂಗುರ ಆಮೇಲೆ ಅವರದೇ ಕೋಟಿನ ಜೇಬಲ್ಲಿ ಸಿಕ್ಕಿತ್ತು. ಆವತ್ತು ಯಾರೂ ಏನೂ ಅಂದಿರಲಿಲ್ಲ.

"ಲೋ ನೊರಾ" ಅಂದೆ. ನಮ್ಮ ಪರವಾಗಿಲ್ಲ ಇದ್ದ ಹಾಗೆ, ಅಷ್ಟೇನೂ ಕೆಟ್ಟದ್ದಾಗಲಿಲ್ಲ ಅಂತ. ಅಜ್ಜಿ ಟೇಬಲ್ ಮೇಲೆ ಬೆರಳು ಕುಟ್ಟಿ "ಕೆನ್ ನೊರಾ" ಅಂದರು. ಕೆಟ್ಟದ್ದೇ ಆಯಿತು. "ಪರವಾಗಿಲ್ಲ ಅನ್ನಬೇಡ. ಕ್ಷಮಿಸಿದ್ದರೆ ಕ್ಷಮಿಸಿದೆ ಅನ್ನು."

ನನಗೆ ಬಾಯಿ ಬರಲಿಲ್ಲ. ಎದ್ದು ಅಡುಗೆಮನೆಗೆ ಹೋದೆ.

ಇವರಲ್ಲಿ ಒಂದು ನಿಯಮ ಇದೆ. ದೇವರಿಗೆ ಮಾಡಿದ ತಪ್ಪನ್ನು ಈ ದಿನ ತೊಳೆಯುತ್ತದೆ. ಮನುಷ್ಯರಿಗೆ ಮಾಡಿದ್ದನ್ನು, ಆ ಮನುಷ್ಯನ ಮನಸ್ಸು ಒಲಿಸಿಕೊಳ್ಳುವ ತನಕ ತೊಳೆಯುವುದಿಲ್ಲ. ಒಪ್ಪದಿದ್ದರೆ ಮೂರು ಸಲದ ತನಕ ಕೇಳಬೇಕು. ಅಜ್ಜಿಯ ಮಗ ವಿದೇಶದಲ್ಲಿದ್ದಾರೆ, ಅವರು ಫ್ಯಾಮಿಲಿ ಗ್ರೂಪಿಗೆ ಒಂದೇ ಮೆಸೇಜ್ ಹಾಕಿದ್ದರು, ಗೊತ್ತಿದ್ದೋ ಗೊತ್ತಿಲ್ಲದೆಯೋ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ ಅಂತ, ಕೆಳಗೆ ಹೂವಿನ ಚಿತ್ರ. ನನಗೆ ಅದು ಸೇರಲಿಲ್ಲ. ಅಮ್ಮನಿಗೆ ಒಂದು ಫೋನ್ ಮಾಡಬಹುದಿತ್ತು ಅಲ್ವಾ?

ಮಧ್ಯಾಹ್ನ ಊಟ. ಕೋಳಿ ಸೂಪು, ಅದರೊಳಗೆ ಮಾಂಸ ತುಂಬಿದ ಕಡುಬಿನಂಥ ಕ್ರೆಪ್ಲಾಖ್, ಜೇನಲ್ಲಿ ಅದ್ದಿದ ಬ್ರೆಡ್. ಬಾಯಾರಿಕೆ ಆಗಬಾರದೆಂದು ಉಪ್ಪು, ಖಾರ ಕಮ್ಮಿ. ತಟ್ಟೆ ಎತ್ತುವಾಗ ಅಜ್ಜಿ ಮತ್ತೆ ಕೇಳಿದರು. ನಾನು ಸುಮ್ನೆ ತಲೆ ತಗ್ಗಿಸಿದೆ.

ಅಜ್ಜಿಗೆ ಹೃದಯದ ತೊಂದರೆ. ಪೂರ್ತಿ ಉಪವಾಸ ಕೂಡದು ಅಂತ ಡಾಕ್ಟರೂ ಹೇಳಿದ್ದಾರೆ, ಅವರ ಧರ್ಮಗುರು ರಬ್ಬಿಯೂ ಹೇಳಿದ್ದಾರೆ, ಜೀವಕ್ಕಿಂತ ಉಪವಾಸ ದೊಡ್ಡದಲ್ಲ ಅಂತ. ಆದರೆ ಅದಕ್ಕೂ ಲೆಕ್ಕ ಇದೆ. ಒಮ್ಮೆಗೆ ನೀರು 30 ಮಿಲಿ ಆಸುಪಾಸು, ಮತ್ತೆ 9 ನಿಮಿಷ ಬಿಟ್ಟು. ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಅಳೆದು, ಪ್ಲಾಸ್ಟಿಕ್ ಲೋಟಕ್ಕೆ ಹಾಕಿ, ನೀರು ನಿಂತಲ್ಲಿ ನೀಲಿ ಪೆನ್ನಿನಿಂದ ಗೆರೆ ಎಳೆದೆ. ಮರುದಿನ ಬರೆಯುವುದೂ ನಿಷಿದ್ಧ, ಅದಕ್ಕೇ ಮೊದಲೇ.

ಗೆರೆ ಎಳೆಯುತ್ತಾ ಆ ಬ್ಯಾಗೇ ಕಣ್ಣೆದುರು ಬಂತು. ನೆಲದ ಮೇಲೆ ಅಮ್ಮನ ಫೋಟೋ, ಮುಚ್ಚಳ ಬಿಚ್ಚಿಹೋದ ಕುಂಕುಮದ ಡಬ್ಬಿ. ಆ ರಾತ್ರಿ ಅಮ್ಮನಿಗೆ ಫೋನಲ್ಲಿ ನಾನೇ ಪರವಾಗಿಲ್ಲ ಅಂದಿದ್ದೆ. ಇಷ್ಟು ತಿಂಗಳಲ್ಲಿ, ಆದದ್ದು ಕೆಟ್ಟದ್ದೇ ಅಂತ ಬಾಯಿ ಬಿಟ್ಟು ಹೇಳಿದವರು ಅಜ್ಜಿ ಒಬ್ಬರೇ, ಅದೂ ಮಾಡಿದವರೇ.

ನಾವು ಕ್ಷಮಿಸಿದೆ ಅಂತ ಬಾಯಲ್ಲಿ ಹೇಳುವುದೇ ಇಲ್ಲ. ಗದ್ದೆ ಪಾಲಿನ ಜಗಳ ಆಗಿ ಎಷ್ಟೋ ವರ್ಷದ ಮೇಲೆ ದೊಡ್ಡಪ್ಪ ಹಾಸಿಗೆಯಲ್ಲಿ ಮಲಗಿಕೊಂಡೇ "ತಪ್ಪಾಯ್ತು ಮಾರಾಯ" ಅಂದಿದ್ದರು. ಅಪ್ಪ "ಪರವಾಗಿಲ್ಲ ಬಿಡು" ಅಂದರು. ದೊಡ್ಡಪ್ಪ ಇನ್ನೇನೋ ಹೇಳಲು ಹೊರಟಿದ್ದರು, ಅಲ್ಲಿಗೇ ನಿಂತಿತು. ಈಗಲೂ ಆ ಗದ್ದೆಯ ಮಾತು ಬಂದರೆ ಅಪ್ಪನಿಗೆ ಊಟ ಸೇರುವುದಿಲ್ಲ.

ಸಂಜೆ ಅಜ್ಜಿ ಬಿಳಿ ಬಟ್ಟೆ ಹಾಕಿಕೊಂಡರು. ಚರ್ಮದ ಚಪ್ಪಲಿ ಕೂಡದು, ಬಟ್ಟೆಯ ಶೂ ಹಾಕಿಸಿದೆ. ತೀರಿಹೋದ ಗಂಡನ ಹೆಸರಲ್ಲಿ ಗಾಜಿನ ಲೋಟದ ಮೇಣದಬತ್ತಿ, ಮರುದಿನವೂ ಉರಿಯುವಂಥದ್ದು. ಶೂ ಕಟ್ಟುತ್ತಿದ್ದ ನನ್ನ ಭುಜ ಹಿಡಿದು ಮೂರನೇ ಸಲ ಕೇಳಿದರು.

"ಸಲಖ್ತಿ ಲಾಖ್" ಅಂದೆ. ಕ್ಷಮಿಸಿದೆ. ಹೊತ್ತು ಮುಳುಗುತ್ತಿದೆ ಅಂತ ಹೇಳಿದೆನಾ, ಮನಸ್ಸಿಂದ ಹೇಳಿದೆನಾ ಅಂತ ಇವತ್ತೂ ಯೋಚಿಸುತ್ತಿದ್ದೇನೆ. ಅಜ್ಜಿ ಕಣ್ಣು ಒರೆಸಿಕೊಂಡು ಬೆಂಕಿಪೊಟ್ಟಣ ಕೇಳಿದರು.

ರಾತ್ರಿ ರಸ್ತೆಯಲ್ಲಿ ಒಂದು ಕಾರೂ ಇಲ್ಲ, ಮಕ್ಕಳ ಸೈಕಲ್ ಸದ್ದು ಮಾತ್ರ. ಗೆರೆ ತನಕ ನೀರು ಹಾಕಿ ಕೊಟ್ಟೆ. ಕುಡಿದರು. ಗೋಡೆ ಗಡಿಯಾರ ನೋಡುತ್ತಾ ಇಬ್ಬರೂ ಕೂತೆವು. ಒಂಬತ್ತು ನಿಮಿಷ ಆದ ಮೇಲೆ ಅಜ್ಜಿ ಮತ್ತೆ ಲೋಟ ಚಾಚಿದರು.